ಅಮ್ಮನೂ ಸೇರಿ ಆರು ಜನ, ಹತ್ತು ದಿನ: ಇಟಲಿ, ಗ್ರೀಸ್ ಕಡೆಗೆ. ನಮ್ಮ ಪಟ್ಟಿ ನೋಡಿ ಹೇಳಿ

ತುಂಗಾತೀರ · 10 ಜನವರಿ 2026

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಅಕ್ಕತಂಗಿಯರು. ಮೂವರು ಶಿವಮೊಗ್ಗ, ಮೈಸೂರು, ಬೆಂಗಳೂರಿನಲ್ಲಿದ್ದೇವೆ. ಕೊನೆಯವಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಮದುವೆಗಳಾದ ಮೇಲೆ ನಾಲ್ವರೂ ಒಂದೇ ಮನೆಯಲ್ಲಿ ಒಂದು ವಾರ ಇದ್ದದ್ದೇ ಇಲ್ಲ. ಯಾರದೋ ಗೃಹಪ್ರವೇಶ, ಯಾರದೋ ನಾಮಕರಣ, ಎರಡು ದಿನ ಇದ್ದು ಮತ್ತೆ ಬಸ್ಸು. ಈ ವರ್ಷ ಹೇಗಾದರೂ ಮಾಡಿ ಹತ್ತು ದಿನ ಒಟ್ಟಿಗೆ ಹೋಗೋಣ ಅಂತ ಗಟ್ಟಿ ಮಾಡಿದ್ದೇವೆ. ಜೊತೆಗೆ ಅಮ್ಮ ಬರುತ್ತಾರೆ. ಅವರಿಗೆ 67, ಬಲ ಮಂಡಿ ನೋವಿದೆ, ಮೆಟ್ಟಿಲು ಕಷ್ಟ. ಆರನೆಯವಳು ನನ್ನ ಮಗಳು, 19 ವರ್ಷ, ಆರ್ಕಿಟೆಕ್ಚರ್ ಓದುತ್ತಿದ್ದಾಳೆ.

ಮಗಳು, ಕೊನೆಯ ತಂಗಿ ಇಬ್ಬರೂ ಕೂತು ಹಾಕಿದ ಪಟ್ಟಿ ಇದು. ಜುಲೈ 10ರಿಂದ 20. ಬಾರ್ಸಿಲೋನಾ 2 ರಾತ್ರಿ, ನೀಸ್ 1, ವೆನಿಸ್ 1, ರೋಮ್ 2, ಅಥೆನ್ಸ್ 1, ಗ್ರೀಸ್‌ನ ದ್ವೀಪ ಸ್ಯಾಂಟೊರಿನಿ 2. ತಂಗಿಯನ್ನು ಬಿಟ್ಟರೆ ಯಾರೂ ಯುರೋಪ್ ನೋಡಿಲ್ಲ. ಇದು ಆಗುವ ಕೆಲಸವಾ? ವೀಸಾ ಯಾವ ದೇಶದ್ದು ತೆಗೆಯಬೇಕು? ಅಮ್ಮನ ಊಟಕ್ಕೆ ಏನು ದಾರಿ? ಹೋಗಿ ಬಂದವರು ದಯವಿಟ್ಟು ಹೇಳಿ.

ಬೆಣ್ಣೆದೋಸೆ · 10 ಜನವರಿ

ಅಕ್ಕ, ಪಟ್ಟಿಯಲ್ಲಿ ಊರುಗಳನ್ನು ಎಣಿಸಬೇಡಿ, ಹಾಸಿಗೆಗಳನ್ನು ಎಣಿಸಿ. ಒಂಬತ್ತು ರಾತ್ರಿಗೆ ಆರು ಹಾಸಿಗೆ. ಅಂದರೆ ಐದು ಸಲ ಗಂಟುಮೂಟೆ ಕಟ್ಟಬೇಕು.

ಒಂದು ಸಲ ಊರು ಬದಲಿಸಿದರೆ ಏನಾಗುತ್ತದೆ ಅಂತ ನಾನು ಅನುಭವದಿಂದ ಹೇಳುತ್ತೇನೆ. ನಾವು ಏಳು ಜನ ಹೋಗಿದ್ದೆವು. ಬೆಳಗ್ಗೆ ಏಳು ಜನಕ್ಕೆ ಎರಡು ಬಚ್ಚಲು. ಹತ್ತು, ಹನ್ನೊಂದಕ್ಕೆ ಕೋಣೆ ಬಿಡಬೇಕು. ಮುಂದಿನ ಊರಿನಲ್ಲಿ ಮೂರು ಗಂಟೆಗೆ ಮುಂಚೆ ಕೋಣೆ ಕೊಡುವುದಿಲ್ಲ. ನಡುವೆ ಪೆಟ್ಟಿಗೆ ಎಳೆದುಕೊಂಡು ನಿಲ್ದಾಣದಲ್ಲಿ ಕೂರಬೇಕು. ಒಂದು ಬದಲಾವಣೆಗೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ನಿಮ್ಮ ಪಟ್ಟಿಯಲ್ಲಿ ನೀಸ್‌ನಿಂದ ವೆನಿಸ್‌ಗೆ ರೈಲಿನಲ್ಲಿ ಇಡೀ ಹಗಲು ಹೋಗುತ್ತದೆ. ಅಥೆನ್ಸ್‌ನ ಬಂದರು ಪಿರೇಯಸ್‌ನಿಂದ ಸ್ಯಾಂಟೊರಿನಿಗೆ ವೇಗದ ಹಡಗಿಗೇ ಐದು ಗಂಟೆ, ಮಾಮೂಲಿ ಹಡಗಿಗೆ ಎಂಟರ ಹತ್ತಿರ. ನೋಡುವುದಕ್ಕೆ ಅಂತ ಉಳಿಯುವುದು ನಾಲ್ಕು ದಿನ.

ಮೂರು ಹಾಸಿಗೆಗಿಂತ ಜಾಸ್ತಿ ಬೇಡ. ಎರಡು ದೇಶ ಸಾಕು.

ಕುಡ್ಲದಿಂದ ರೋಮ್‌ಗೆ · 11 ಜನವರಿ

ನಾನು ಮಂಗಳೂರಿನವನು. ಓದಲು ಹೋಗಿ ಆರು ವರ್ಷ ರೋಮ್‌ನಲ್ಲಿದ್ದೆ. ಊರುಗಳ ವಿಷಯ ಆಮೇಲೆ. ಮೊದಲು ಜುಲೈ ಬಿಡಿ.

ನಮ್ಮವರು "ಯುರೋಪ್ ಅಂದರೆ ಚಳಿ" ಅಂದುಕೊಂಡು ಹೋಗುತ್ತಾರೆ. ಜುಲೈನಲ್ಲಿ ಅಥೆನ್ಸ್‌ನ ಹಗಲಿನ ಬಿಸಿಲು ಸರಾಸರಿಯೇ 33 ಡಿಗ್ರಿ ದಾಟುತ್ತದೆ. ಬಿಸಿಗಾಳಿ ಬಂದರೆ 40. ಅಲ್ಲಿ ನಮ್ಮ ಹಾಗೆ ಸಂಜೆ ಮಳೆ ಬಂದು ತಂಪಾಗುವುದಿಲ್ಲ. ಕಲ್ಲು ಕಾದರೆ ರಾತ್ರಿವರೆಗೂ ಕಾದೇ ಇರುತ್ತದೆ. 2023ರ ಜುಲೈನಲ್ಲಿ ಅಲ್ಲಿಯ ಹಳೆಯ ದೇಗುಲಗಳಿರುವ ಆಕ್ರೊಪೊಲಿಸ್ ಗುಡ್ಡವನ್ನು ಮಧ್ಯಾಹ್ನದ ಹೊತ್ತು ಮುಚ್ಚಿದರು. 2024ರ ಜೂನ್‌ನಲ್ಲೂ ಮುಚ್ಚಿದರು. 2025ರ ಜುಲೈನಲ್ಲಿ ಮತ್ತೆ ಅದೇ. ಅರವತ್ತೇಳರ ಅಮ್ಮನನ್ನು ಆ ಬಿಸಿಲಿಗೆ ಕರೆದುಕೊಂಡು ಹೋಗಬೇಡಿ, ಕೈ ಮುಗಿದು ಹೇಳುತ್ತೇನೆ.

ಮೇ ಕೊನೆಯ ವಾರ, ಜೂನ್ ಮೊದಲ ವಾರ ಹೋಗಿ. ರೋಮ್‌ನಲ್ಲಿ 25ರ ಆಸುಪಾಸು ಇರುತ್ತದೆ. ಸಂಜೆ ಎಂಟೂವರೆವರೆಗೂ ಬೆಳಕು. ಬೆಳಗ್ಗೆ ಏಳರಿಂದ ಹನ್ನೆರಡು ಸುತ್ತಿ. ಮನೆಗೆ ಬಂದು ಊಟ ಮಾಡಿ ಮಲಗಿ. ಐದರ ಮೇಲೆ ಮತ್ತೆ ಹೊರಡಿ. ಅಲ್ಲಿಯ ಅಜ್ಜ ಅಜ್ಜಿಯರೂ ಹಾಗೇ ಬದುಕುವುದು.

ತುಂಗಾತೀರ · 11 ಜನವರಿ

ಇಬ್ಬರಿಗೂ ಧನ್ಯವಾದ. ತಂಗಿಗೆ ಫೋನ್ ಮಾಡಿದೆ. ಅವಳ ಮಕ್ಕಳ ಶಾಲೆಗೆ ಅಲ್ಲಿ ಪೆಂಟೆಕೋಸ್ಟ್ ಅನ್ನುವ ಕ್ರೈಸ್ತರ ಹಬ್ಬದ ರಜೆ ಇದೆಯಂತೆ, ಮೇ 26ರಿಂದ ಜೂನ್ 5. ಅವಳ ಯಜಮಾನರು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ನನ್ನ ಎರಡನೇ ತಂಗಿ ಶಾಲೆಯ ಟೀಚರ್. ನಮ್ಮಲ್ಲಿ ಮೇ ಕೊನೆಗೇ ಶಾಲೆ ಶುರುವಾಗುವುದರಿಂದ ಅವಳು ಒಂದು ವಾರ ರಜೆ ಕೇಳಬೇಕು. ಕೇಳುತ್ತೇನೆ ಅಂದಿದ್ದಾಳೆ. ಹಾಗಾಗಿ ಜುಲೈ ಹೋಯಿತು, ಮೇ 25ರ ರಾತ್ರಿ ಬೆಂಗಳೂರು ಬಿಡುವುದು ಅಂತಾಯಿತು.

ಊರು ಬಿಡುವ ವಿಷಯಕ್ಕೆ ಮಾತ್ರ ಮನೆಯಲ್ಲಿ ದೊಡ್ಡ ಚರ್ಚೆ. ಮಗಳು ಸ್ಯಾಂಟೊರಿನಿ ಬಿಡುವುದಿಲ್ಲ ಅನ್ನುತ್ತಿದ್ದಾಳೆ.

ಧಾರವಾಡದ ಅಳಿಯ · 12 ಜನವರಿ

ಮೇಡಂ, ಇಷ್ಟೆಲ್ಲ ತಲೆಬಿಸಿ ಯಾಕೆ? ವಯಸ್ಸಾದವರಿದ್ದರೆ ಪ್ಯಾಕೇಜ್ ಟೂರ್ ತಗೊಳ್ಳಿ. ನಾವು ಅತ್ತೆ ಮಾವನ ಜೊತೆ ಹಾಗೇ ಹೋಗಿ ಬಂದೆವು. ಬಸ್ಸು ಹೋಟೆಲ್ ಬಾಗಿಲಿಗೆ ಬರುತ್ತದೆ. ಪೆಟ್ಟಿಗೆ ಅವರೇ ಇಳಿಸುತ್ತಾರೆ. ರಾತ್ರಿ ಅನ್ನ, ಸಾರು, ಚಪಾತಿ ಸಿಗುತ್ತದೆ. ವೀಸಾ ಕಾಗದ ಎಲ್ಲ ಅವರೇ ಜೋಡಿಸಿ ಕೊಟ್ಟರು. ಮಾವನಿಗೆ ಒಂದು ದಿನ ಜ್ವರ ಬಂದಾಗ ಗೈಡ್ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ನಮಗೆ ಅಲ್ಲಿ ಭಾಷೆಯೂ ಬರುತ್ತಿರಲಿಲ್ಲ.

ಬೆಣ್ಣೆದೋಸೆ · 12 ಜನವರಿ

ಸರ್, ನೀವು ಹೇಳಿದ್ದು ನಿಜ. ಜ್ವರ ಬಂದ ದಿನ ಜೊತೆಗೊಬ್ಬ ತಿಳಿದವನಿರುವುದು ದೊಡ್ಡದು. ಆದರೆ ನನ್ನ ಅಪ್ಪ ಅಮ್ಮ ಹೋದ ಪ್ಯಾಕೇಜ್‌ನಲ್ಲಿ ಹನ್ನೆರಡು ದಿನಕ್ಕೆ ಏಳು ದೇಶ. ಹೋಟೆಲ್‌ಗಳೆಲ್ಲ ಊರ ಹೊರಗೆ, ಹೆದ್ದಾರಿ ಪಕ್ಕ. ಬೆಳಗ್ಗೆ ಆರಕ್ಕೆ ಎಬ್ಬಿಸುವುದು, ರಾತ್ರಿ ಒಂಬತ್ತಕ್ಕೆ ತಂದು ಬಿಡುವುದು. ಅಪ್ಪನಿಗೆ ವೆನಿಸ್‌ನಲ್ಲಿ ಸಿಕ್ಕಿದ್ದು ಎರಡು ಗಂಟೆ. ಬಂದ ಮೇಲೆ ಎಲ್ಲಿ ಏನು ನೋಡಿದೆವು ಅಂತ ಇಬ್ಬರಿಗೂ ಕಲಸಿಹೋಗಿತ್ತು.

ತುಂಗಾ ಅಕ್ಕನ ಮನೆಯಲ್ಲಿ ಜರ್ಮನಿಯ ತಂಗಿ ಇದ್ದಾಳೆ, ಚುರುಕು ಹುಡುಗಿ ಇದ್ದಾಳೆ. ಅವರೇ ಮಾಡಬಹುದು. ಯಾರೂ ಇಲ್ಲದಿದ್ದರೆ ನಾನೂ ಪ್ಯಾಕೇಜ್ ಅನ್ನುತ್ತಿದ್ದೆ.

ಹಳೇ ನಕ್ಷೆ · 13 ಜನವರಿ

ನಾನು ನಿವೃತ್ತ, ರೈಲು ಹಡಗಿನ ಹುಚ್ಚು ಇರುವವನು. ಎಲ್ಲರ ಮಾತೂ ಓದಿದೆ. ಮಗಳಿಗೆ ಏನು ಬೇಕು ಅಂತ ಬರೆದಿದ್ದೀರಿ. ತಂಗಿಗೆ ಯಾವಾಗ ರಜೆ ಅಂತ ಬರೆದಿದ್ದೀರಿ. ಅಮ್ಮನ ಬಗ್ಗೆ ಬರೆದದ್ದು ಮಂಡಿ ನೋವು, ಊಟ ಎರಡೇ. ತಪ್ಪು ತಿಳಿಯಬೇಡಿ ತಾಯಿ. ಅವರಿಗೆ ಏನು ನೋಡಬೇಕು ಅಂತ ಕೇಳಿದ್ದೀರಾ?

ತುಂಗಾತೀರ · 14 ಜನವರಿ

ಸರ್, ನಿಜ ಹೇಳುತ್ತೇನೆ, ಕೇಳಿರಲಿಲ್ಲ. ನಿಮ್ಮ ಮಾತು ಓದಿ ಮನಸ್ಸಿಗೆ ಚುಚ್ಚಿತು. ನಿನ್ನೆ ರಾತ್ರಿ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಪಕ್ಕ ಕೂತು ಕೇಳಿದೆ. "ನೀವೆಲ್ಲ ಎಲ್ಲಿಗೆ ಹೋದರೆ ಅಲ್ಲಿಗೆ" ಅಂದರು. ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದರು: "ಹಡಗಲ್ಲಿ ಒಂದು ರಾತ್ರಿ ಮಲಗಬೇಕು ಅಂತ ಚಿಕ್ಕಂದಿನಿಂದ ಆಸೆ. ಅದಾಗದಿದ್ದರೂ ಪರವಾಗಿಲ್ಲ."

ಅವರು ತುಂಗೆಯಲ್ಲಿ ಈಜು ಕಲಿತವರು. ಸಮುದ್ರ ನೋಡಿದ್ದು ಮುರ್ಡೇಶ್ವರದಲ್ಲಿ ಒಂದು ಸಲ, ಗೋಕರ್ಣದಲ್ಲಿ ಒಂದು ಸಲ. ಐವತ್ತು ವರ್ಷದಿಂದ ಮನಸ್ಸಲ್ಲಿಟ್ಟುಕೊಂಡ ಆಸೆ ನಮ್ಮ ನಾಲ್ವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತಿದ್ದೇವೆ. ರಾತ್ರಿ ಹಡಗು ಇರಲೇಬೇಕು. ಸರ್, ನೀವೇ ದಾರಿ ಹೇಳಿ.

ಹಳೇ ನಕ್ಷೆ · 14 ಜನವರಿ

ಬಹಳ ಸಂತೋಷ ಆಯಿತು ತಾಯಿ. ನಿಮಗೆ ಹೇಳಿ ಮಾಡಿಸಿದ ದಾರಿ ಒಂದಿದೆ. ಬೂಟಿನಾಕಾರದ ಇಟಲಿಯ ಹಿಮ್ಮಡಿಗಿಂತ ಸ್ವಲ್ಪ ಮೇಲೆ ಬಾರಿ ಅಂತ ಬಂದರು. ಅಲ್ಲಿಂದ ಗ್ರೀಸ್‌ನ ಪಾತ್ರಾಸ್‌ಗೆ ರಾತ್ರಿ ಹಡಗು. ಸೂಪರ್‌ಫಾಸ್ಟ್ ಅನ್ನುವ ಕಂಪನಿಯದ್ದು. ಸಾಮಾನ್ಯವಾಗಿ ಸಂಜೆ ಏಳೂವರೆ ಸುಮಾರಿಗೆ ಹೊರಡುತ್ತದೆ, ಮರುದಿನ ಮಧ್ಯಾಹ್ನ ಮುಟ್ಟುತ್ತದೆ. ಹದಿನಾರು ಗಂಟೆ ಆಸುಪಾಸು. ದಾರಿಯಲ್ಲಿ ಬೆಳಗ್ಗೆ ಇಗುಮೆನಿತ್ಸಾದಲ್ಲಿ ನಿಲ್ಲುತ್ತದೆ. ಆಮೇಲೆ ಎಡಗಡೆ ಗ್ರೀಸ್‌ನ ಬೆಟ್ಟ, ಬಲಗಡೆ ದ್ವೀಪಗಳು. ಆ ಬೆಳಗಿನ ಹೊತ್ತು ನನ್ನ ಪ್ರಕಾರ ಇಡೀ ಪ್ರವಾಸದ ಜೀವ. ಗ್ರೀಸ್‌ನ ಗಡಿಯಾರ ಇಟಲಿಗಿಂತ ಒಂದು ಗಂಟೆ ಮುಂದೆ, ಅದು ನೆನಪಿರಲಿ.

ಸೀಟು ಮಾತ್ರ ತಗೊಳ್ಳಬೇಡಿ, ಕ್ಯಾಬಿನ್ ತಗೊಳ್ಳಿ. ನಾಲ್ಕು ಹಾಸಿಗೆಯದ್ದು ಒಂದು, ಎರಡು ಹಾಸಿಗೆಯದ್ದು ಒಂದು. ಹಾಸಿಗೆ ಒಂದರ ಮೇಲೊಂದು ಇರುತ್ತವೆ, ಏಣಿ ಹತ್ತಬೇಕು. ಅಮ್ಮನಿಗೆ ಕೆಳಗಿನದು. ಹೊರಗಿನ ಕ್ಯಾಬಿನ್ ಅಂತ ಕೇಳಿ, ಕಿಟಕಿ ಇರುತ್ತದೆ. ಎರಡು ಗಂಟೆ ಮುಂಚೆ ಬಂದರಿನಲ್ಲಿರಬೇಕು. ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ.

ಪಾತ್ರಾಸ್‌ನಿಂದ ಅಥೆನ್ಸ್ 210 ಕಿಲೋಮೀಟರ್. ಬಸ್ಸಿದೆ. ಆರು ಜನಕ್ಕೆ, ಪೆಟ್ಟಿಗೆ ಸಮೇತ, ಮುಂಚೆಯೇ ಒಂದು ವ್ಯಾನ್ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ದಾರಿಯಲ್ಲಿ ಕೊರಿಂತ್ ಕಾಲುವೆಯ ಸೇತುವೆ ಮೇಲೆ ನಿಲ್ಲಿಸಿ. 1893ರಲ್ಲಿ ಮುಗಿದ ಕಾಲುವೆ. ಆರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ. ಬಂಡೆಯನ್ನು ನೇರ ಗರಗಸದಲ್ಲಿ ಕುಯ್ದ ಹಾಗೆ ಕಾಣುತ್ತದೆ.

ಹೀಗೆ ಹೋದರೆ ಬಾರಿ ಹತ್ತಿರ ಎರಡು ರಾತ್ರಿ ಸಿಗುತ್ತದೆ. ಆ ಎರಡು ರಾತ್ರಿ ಮತೇರಾದಲ್ಲಿರಿ. ನಿಮ್ಮ ಆರ್ಕಿಟೆಕ್ಚರ್ ಮಗಳಿಗೆ ಹೇಳಿ, ಸುಣ್ಣದ ಕಲ್ಲಿನ ಕೊರಕಲಿನಲ್ಲಿ ಗುಹೆ ಕೊರೆದು, ಒಂದರ ಮಾಡಿನ ಮೇಲೆ ಇನ್ನೊಂದರ ಅಂಗಳ ಮಾಡಿ ಕಟ್ಟಿದ ಊರು. ಸಾಸ್ಸಿ ಅನ್ನುತ್ತಾರೆ. 1950ರ ದಶಕದವರೆಗೆ ಜನ ಕತ್ತೆ, ಕೋಳಿ ಜೊತೆ ಒಂದೇ ಗುಹೆಯಲ್ಲಿದ್ದರು. 1952ರಲ್ಲಿ ಕಾನೂನು ಮಾಡಿ ಸುಮಾರು 15,000 ಜನರನ್ನು ಅಲ್ಲಿಂದ ಎಬ್ಬಿಸಿದರು. 1993ರಲ್ಲಿ ಅದೇ ಜಾಗ ಯುನೆಸ್ಕೊ ಪಟ್ಟಿಗೆ ಸೇರಿತು. ಆಗಿನ ಸಾಮಾನು ಇಟ್ಟು ಕಾಯ್ದ ಒಂದು ಗುಹೆ ಮನೆ ಇದೆ, ಕಾಜಾ ಗ್ರೊತ್ತಾ. ತೊಟ್ಟಿಲು, ಕತ್ತೆಯ ಕೊಟ್ಟಿಗೆ, ಮಳೆ ನೀರಿನ ತೊಟ್ಟಿ ಎಲ್ಲ ಒಂದೇ ಕೋಣೆಯಲ್ಲಿ. ಬಾದಾಮಿ ನೋಡಿದ ಕಣ್ಣಿಗೆ ಇದು ಬೇರೆಯೇ ತರಹ. ಅಲ್ಲಿ ದೇವರಿಗೆ ಕೊರೆದರು, ಇಲ್ಲಿ ಬಡವರು ತಮಗೇ ಕೊರೆದುಕೊಂಡರು.

ತುಂಗಾತೀರ · 15 ಜನವರಿ

ಮಗಳು ಮತೇರಾದ ಫೋಟೊ ನೋಡಿ ರಾತ್ರಿಯೆಲ್ಲ ಅದನ್ನೇ ಓದಿದಳು. ಬೆಳಗ್ಗೆ ಎದ್ದವಳೇ "ಅಮ್ಮಾ, ಸ್ಯಾಂಟೊರಿನಿ ಬೇಡ" ಅಂದಳು. ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ. ತಲೆಗೊಂದು ಆಸೆ, ಅಷ್ಟೇ. ಅಮ್ಮನಿಗೆ ಹಡಗು. ಮಗಳಿಗೆ ಮತೇರಾ. ನನಗೆ ಕೊಲೊಸಿಯಂ. ಟೀಚರ್ ತಂಗಿಗೆ ಆಕ್ರೊಪೊಲಿಸ್, ಇತಿಹಾಸ ಪಾಠ ಮಾಡುವವಳು ಅವಳು. ಬೆಂಗಳೂರಿನ ತಂಗಿಗೆ ಒಂದು ಇಡೀ ಮಧ್ಯಾಹ್ನ ಏನೂ ಮಾಡದೆ ಕೂರಬೇಕಂತೆ. ಸ್ಟುಟ್‌ಗಾರ್ಟ್‌ನವಳಿಗೆ ಅಕ್ಕಂದಿರ ಜೊತೆ ಸುಮ್ನೆ ರಸ್ತೆಯಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ಓಡಾಡಬೇಕು.

ಕುಡ್ಲದಿಂದ ರೋಮ್‌ಗೆ · 15 ಜನವರಿ

ಒಳ್ಳೆಯ ನಿಯಮ. ಮತೇರಾದ ಬಗ್ಗೆ ಎರಡು ಎಚ್ಚರಿಕೆ.

ಸಾಸ್ಸಿ ಅಂದರೆ ಪೂರ್ತಿ ಮೆಟ್ಟಿಲು. ನಡೆದು ನಡೆದು ನುಣುಪಾದ ಕಲ್ಲು. ಗುಹೆ ಹೋಟೆಲ್ ಚಿತ್ರ ನೋಡಿ ಮರುಳಾಗಿ ಕೆಳಗೆ ಕೋಣೆ ತಗೊಂಡರೆ ಅಮ್ಮ ಎರಡು ದಿನ ಅಲ್ಲೇ ಬಂಧಿ. ಮೇಲಿನ ಸಮತಟ್ಟಾದ ಪೇಟೆಯಲ್ಲಿ, ವಿತ್ತೊರಿಯೊ ವೆನೆತೊ ಚೌಕದ ಹತ್ತಿರ ಮನೆ ಹುಡುಕಿ. ಆ ಚೌಕದ ಅಂಚಿನಿಂದಲೇ ಇಡೀ ಕೊರಕಲು ಕಾಣುತ್ತದೆ. ಅಮ್ಮ ಕುರ್ಚಿ ಹಾಕಿ ಕೂತು ನೋಡಬಹುದು. ಮಗಳು ಇಳಿದು ಸುತ್ತಿ ಬರಲಿ.

ಎರಡನೆಯದು, ಬಾರಿಯಿಂದ ಮತೇರಾಗೆ ಎಫ್‌ಎಎಲ್ ಅನ್ನುವ ಸಣ್ಣ ರೈಲು. ಒಂದೂಮುಕ್ಕಾಲು ಗಂಟೆ ದಾರಿ. ಭಾನುವಾರ ಆ ರೈಲು ಇಲ್ಲ, ಬಸ್ಸು ಮಾತ್ರ. ಹಾಗಾಗಿ ಶನಿವಾರ ಹೋಗಿ ಸೋಮವಾರ ಬನ್ನಿ. ಬಾರಿಯ ದೊಡ್ಡ ನಿಲ್ದಾಣದ ಪಕ್ಕದಲ್ಲೇ ಅದರ ನಿಲ್ದಾಣ.

ಈ ವರ್ಷ ಜೂನ್ 2 ಮಂಗಳವಾರ ಬಂದಿದೆ. ಅದು ಇಟಲಿಯ ಗಣರಾಜ್ಯ ದಿನ. ನಡುವಿನ ಸೋಮವಾರಕ್ಕೂ ಜನ ರಜೆ ಹಾಕುತ್ತಾರೆ. ಅದಕ್ಕೆ ಅಲ್ಲಿ ಪೊಂತೆ ಅನ್ನುತ್ತಾರೆ, ಅಂದರೆ ಸೇತುವೆ. ಮೇ 30ರ ಶನಿವಾರ ಎಲ್ಲ ರೈಲು ತುಂಬಿರುತ್ತದೆ. ರೋಮ್‌ನಿಂದ ಬಾರಿಗೆ ನೇರ ರೈಲು, ನಾಲ್ಕು ಗಂಟೆ. ಬುಕಿಂಗ್ ತೆರೆದ ದಿನವೇ ತೆಗೆಯಿರಿ.

ರೋಮ್‌ನಲ್ಲಿ ನಾಲ್ಕು ರಾತ್ರಿ ಇಡಿ. ಕೊಲೊಸಿಯಂ ಟಿಕೆಟ್ ಮೂವತ್ತು ದಿನ ಮುಂಚೆ ಬಿಡುತ್ತಾರೆ, ಹೆಸರು ಹಾಕಿಯೇ ಕೊಡುತ್ತಾರೆ, ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಒಳಗೆ ಲಿಫ್ಟ್ ಇದೆ. ಪಕ್ಕದ ಫೋರಂ, ಅಂದರೆ ಹಳೆಯ ರೋಮ್‌ನ ಪಾಳುಬಿದ್ದ ಚೌಕ, ಅದು ಮಾತ್ರ ಎಗುಡುದಿಗುಡು ಕಲ್ಲು, ಅಮ್ಮನಿಗೆ ಬೇಡ. ಸಂತ ಪೀಟರ್ ಚರ್ಚ್‌ಗೆ ದುಡ್ಡಿಲ್ಲ, ಬೆಳಗ್ಗೆ ಏಳಕ್ಕೆ ತೆಗೆಯುತ್ತದೆ, ಆ ಹೊತ್ತಿಗೇ ಹೋಗಿ. ಬುಧವಾರ ಬೆಳಗ್ಗೆ ಬೇಡ, ಪೋಪ್ ದರ್ಶನದ ಗುಂಪು ಇರುತ್ತದೆ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪೊಂಪೇ ಪಟ್ಟಣ ನೋಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಹೋಗಬಹುದು, ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ, ಮತ್ತೆ ಸಣ್ಣ ರೈಲು ಮುಕ್ಕಾಲು ಗಂಟೆ. ಆದರೆ ನೆರಳಿಲ್ಲ, ರಸ್ತೆಯ ಕಲ್ಲು ದೊಡ್ಡ ದೊಡ್ಡದು. ಬದಲಿಗೆ ಓಸ್ತಿಯಾ ಅಂತಿಕಾಗೆ ಹೋಗಿ. ರೋಮ್‌ನ ಹಳೆಯ ಬಂದರು ಪಟ್ಟಣ. ಪೊರ್ತಾ ಸಾನ್ ಪಾವೊಲೊ ನಿಲ್ದಾಣದಿಂದ ಅರ್ಧ ಗಂಟೆ, ಊರಿನ ಮಾಮೂಲಿ ಟಿಕೆಟ್ಟೇ ಸಾಕು. ಪೈನ್ ಮರದ ನೆರಳು, ಗುಂಪು ಕಡಿಮೆ, ಎರಡು ಸಾವಿರ ವರ್ಷದ ಬೀದಿ, ಹೋಟೆಲು, ಸಾಲಾಗಿ ಕೂರುವ ಶೌಚಾಲಯ ಕೂಡ ಹಾಗೇ ಇದೆ. ಸೋಮವಾರ ರಜೆ. ನಾನು ಊರಿನಿಂದ ಬಂದವರನ್ನೆಲ್ಲ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ.

ಕಡತ ಜೋಡಿಸುವವಳು · 16 ಜನವರಿ

ವೀಸಾದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಕಳೆದ ಮೂರು ವರ್ಷದಲ್ಲಿ ಮನೆಯವರದ್ದು, ನೆಂಟರದ್ದು ಸೇರಿ ಒಂಬತ್ತು ಅರ್ಜಿ ಜೋಡಿಸಿದ್ದೇನೆ.

ಷೆಂಗೆನ್ ವೀಸಾ, ಅಂದರೆ ಯುರೋಪ್‌ನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಜಾಸ್ತಿ ರಾತ್ರಿ ಕಳೆಯುವ ದೇಶದ್ದು ತೆಗೆಯಬೇಕು. ನಿಮ್ಮದು ಇಟಲಿ ಆರು ರಾತ್ರಿ, ಗ್ರೀಸ್ ಎರಡು. ಹಾಗಾಗಿ ಇಟಲಿ. ಬೆಂಗಳೂರಿನ ವಿಎಫ್‌ಎಸ್ ಅನ್ನುವ ವೀಸಾ ಅರ್ಜಿ ಕೇಂದ್ರದಲ್ಲೇ ಕೊಡಬಹುದು. ಶುಲ್ಕ 90 ಯೂರೊ, ಅದರ ಮೇಲೆ ಕೇಂದ್ರದ ಸೇವಾ ಶುಲ್ಕ. ವೀಸಾ ಸಿಗದಿದ್ದರೂ ದುಡ್ಡು ವಾಪಸ್ ಇಲ್ಲ. ಹೊರಡುವ ಆರು ತಿಂಗಳು ಮುಂಚಿನಿಂದ ಕೊಡಬಹುದು, ಹದಿನೈದು ದಿನಕ್ಕಿಂತ ತಡ ಮಾಡುವ ಹಾಗಿಲ್ಲ. ಏಪ್ರಿಲ್, ಮೇನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಬಹಳ ಕಷ್ಟ. ಫೆಬ್ರವರಿಯಲ್ಲೇ ಮುಗಿಸಿ.

ನೀವು ವಾಪಸ್ ಬಂದ ಮೇಲೂ ಪಾಸ್‌ಪೋರ್ಟ್ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಬೇಕು. ಅಮ್ಮನದು ಯಾವಾಗ ಮಾಡಿಸಿದ್ದು ಅಂತ ಇವತ್ತೇ ತೆಗೆದು ನೋಡಿ. ಹತ್ತು ವರ್ಷದ ಒಳಗೆ ಕೊಟ್ಟದ್ದಾಗಿರಬೇಕು. ವಿಮೆ ಕನಿಷ್ಠ 30,000 ಯೂರೊ. ಅಮ್ಮನ ವಯಸ್ಸಿಗೆ ಮುಂಚಿನಿಂದ ಇರುವ ಕಾಯಿಲೆಗೂ ಅನ್ವಯಿಸುತ್ತದಾ ಅಂತ ಕೇಳಿ ತಗೊಳ್ಳಿ, ಅಗ್ಗದ್ದು ನೋಡಬೇಡಿ. ಅಮ್ಮನಿಗೆ ಪಿಂಚಣಿ ಬರುತ್ತಿದ್ದರೆ ಆ ಪಾಸ್‌ಬುಕ್ಕು. ಮಗಳಿಗೆ ಕಾಲೇಜಿನ ಪತ್ರ, ಖರ್ಚು ನಾನು ನೋಡಿಕೊಳ್ಳುತ್ತೇನೆ ಅಂತ ನಿಮ್ಮ ಪತ್ರ. ಟೀಚರ್ ತಂಗಿಗೆ ಶಾಲೆಯ ರಜೆ ಮಂಜೂರಾತಿ. ಐದೂ ಜನರ ಅರ್ಜಿಯ ಮೇಲೆ ಒಂದೇ ಪುಟದ ದಿನಚರಿ ಇಡಿ, ಐದರಲ್ಲೂ ಒಂದಕ್ಷರ ವ್ಯತ್ಯಾಸ ಇರಬಾರದು. ನಮ್ಮ ನೆಂಟರ ಒಂದು ಅರ್ಜಿ ತಿರಸ್ಕಾರ ಆದದ್ದು ಇದಕ್ಕೇ. ಹೋಟೆಲ್ ಒಂದು ದಿನ ಹೇಳುತ್ತಿತ್ತು, ಟಿಕೆಟ್ ಇನ್ನೊಂದು ದಿನ.

ಜರ್ಮನಿಯ ತಂಗಿಗೆ ವೀಸಾ ಬೇಡ. ಅವರ ಅಲ್ಲಿಯ ವಾಸದ ಪರವಾನಗಿ ಸಾಕು, ಪಾಸ್‌ಪೋರ್ಟ್ ಮರೆಯಬಾರದು.

ಇನ್ನೊಂದು. ಕಳೆದ ಅಕ್ಟೋಬರ್ 12ರಿಂದ ಗಡಿಯಲ್ಲಿ ಮೊಹರಿನ ಬದಲು ಬೆರಳಚ್ಚು, ಮುಖದ ಫೋಟೊ ದಾಖಲಿಸುವ ಹೊಸ ಪದ್ಧತಿ ಶುರುವಾಗಿದೆ. ಏಪ್ರಿಲ್ 10ರ ಹೊತ್ತಿಗೆ ಎಲ್ಲ ಕಡೆ ಬರಬೇಕು. ಇಳಿದ ಮೇಲೆ ಸಾಲು ಉದ್ದ ಇರಬಹುದು. ಅಮ್ಮನಿಗೆ ವಿಮಾನದ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಕೇಳಿಬಿಡಿ. ಸಂಕೋಚ ಬೇಡ.

ಅಪ್ಪೆಮಿಡಿ · 17 ಜನವರಿ

ಊಟದ ವಿಷಯಕ್ಕೆ ನಾನು ಕಾಯುತ್ತಿದ್ದೆ! ನಮ್ಮ ಮನೆಯಲ್ಲೂ ಮೊಟ್ಟೆ ಮುಟ್ಟದ ಅತ್ತೆ. ಅವರನ್ನು ಕರೆದುಕೊಂಡು ಬಾರಿ ಕಡೆ ಹೋಗಿದ್ದೆವು. ದಕ್ಷಿಣ ಇಟಲಿ, ಗ್ರೀಸ್ ಎರಡೂ ನಮಗೆ ಬಹಳ ಹತ್ತಿರದ ಊಟ. ಬಡವರ ಅಡುಗೆ ಅದು. ಬೇಳೆ, ಸೊಪ್ಪು, ಎಣ್ಣೆ.

ಬಾರಿ, ಮತೇರಾ ಕಡೆ ಫಾವೆ ಎ ಚಿಕೋರಿಯಾ ಕೇಳಿ. ಒಣ ಅವರೆ ಜಾತಿಯ ಕಾಳನ್ನು ಬೇಯಿಸಿ ನುಣ್ಣಗೆ ಮಸೆದು, ಪಕ್ಕದಲ್ಲಿ ಕಹಿ ಸೊಪ್ಪು ಬೇಯಿಸಿ ಇಟ್ಟು, ಮೇಲೆ ಆಲಿವ್ ಎಣ್ಣೆ. ಅತ್ತೆ ಮೊದಲ ತುತ್ತಿಗೇ "ಇದು ನಮ್ಮ ಹುಳಿಯ ಅಣ್ಣ" ಅಂದರು. ಒರೆಕ್ಕಿಯೆತ್ತೆ ಅಂತ ಕಿವಿಯಾಕಾರದ ಪಾಸ್ತಾ ಇದೆ, ಗಟ್ಟಿ ಗೋಧಿ ರವೆ, ನೀರು ಅಷ್ಟೇ, ಮೊಟ್ಟೆ ಇಲ್ಲ. ಆದರೆ ಸೊಪ್ಪಿನ ಜೊತೆ ಮಾಡುವಾಗ ಸಣ್ಣ ಮೀನು ಹಾಕುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಮುಂಚೆ "ಸೆನ್ಸಾ ಅಚ್ಚೂಗೆ" ಅನ್ನಿ, ಮೀನು ಬೇಡ ಅಂತ. ಪಿಜ್ಜಾದಲ್ಲಿ ಮರಿನಾರಾ ಅಂದರೆ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಸೊಪ್ಪು, ಚೀಸ್ ಇಲ್ಲ. ಪಾರ್ಮೆಸಾನ್ ಚೀಸ್‌ಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ವಸ್ತುವಿನಿಂದ. ಅಮ್ಮನಿಗೆ ಅದು ಆಗುವುದಿಲ್ಲ ಅಂದರೆ "ಸೆನ್ಸಾ ಫೊರ್ಮಾಜ್ಜೊ" ಅಂತ ಹೇಳಿ. ತಿಂದ ಮೇಲೆ ಗೊತ್ತಾದರೆ ಅವರಿಗೆ ನೋವಾಗುತ್ತದೆ, ಮುಂಚೆಯೇ ಹೇಳಿಬಿಡಿ.

ಗ್ರೀಸ್‌ನಲ್ಲಿ ಒಂದೇ ಪದ ಕಲಿಯಿರಿ, ನಿಸ್ತಿಸಿಮೊ. ಅಂದರೆ ಉಪವಾಸದ ಊಟ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಸೀಗಡಿ, ಚಿಪ್ಪು ಇರಬಹುದು, ಅದೊಂದು ನೋಡಿಕೊಳ್ಳಿ. ಫಾವಾ ಅಂದರೆ ಹಳದಿ ಬೇಳೆ ಮಸೆದದ್ದು, ಥೇಟ್ ನಮ್ಮ ತೊವ್ವೆ. ಹೊರ್ತಾ ಅಂದರೆ ಬೇಯಿಸಿದ ಸೊಪ್ಪಿಗೆ ನಿಂಬೆ ಹಿಂಡಿದ್ದು. ಗೆಮಿಸ್ತಾ ಅಂದರೆ ಟೊಮೆಟೊ ಒಳಗೆ ಅನ್ನ ತುಂಬಿದ್ದು. ಕೆಲವರು ಕೊಚ್ಚಿದ ಮಾಂಸವನ್ನೂ ಸೇರಿಸುತ್ತಾರೆ, ಕೇಳಿ.

ಹೊತ್ತು ಮಾತ್ರ ನಮ್ಮದಲ್ಲ. ಇಟಲಿಯಲ್ಲಿ ರಾತ್ರಿ ಏಳೂವರೆಗೆ ಮುಂಚೆ ಹೆಚ್ಚಿನ ಊಟದ ಹೋಟೆಲ್‌ಗಳು ಅಡುಗೆಮನೆ ತೆಗೆಯುವುದಿಲ್ಲ. ಅದಕ್ಕೇ ಅಡುಗೆಮನೆ ಇರುವ ಮನೆ ಹಿಡಿಯಿರಿ. ಗೊಜ್ಜವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಸಾರಿನ ಪುಡಿ ತಗೊಂಡು ಹೋಗಿ. ತುಪ್ಪ, ಪೇಡ, ಹಾಲಿನ ಪುಡಿ ಒಯ್ಯಬೇಡಿ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ ಅಂತ ಯುರೋಪ್‌ನ ಕಾನೂನು. ಕರಿಬೇವು, ಹಸಿ ತರಕಾರಿಯೂ ಇಲ್ಲ. ತೆಂಗಿನಕಾಯಿಗೆ ಮಾತ್ರ ಅಡ್ಡಿಯಿಲ್ಲ. ಬಾಳೆ, ಅನಾನಸ್, ಖರ್ಜೂರ, ದುರಿಯನ್ ಜೊತೆ ಅದೂ ವಿನಾಯಿತಿ ಪಟ್ಟಿಯಲ್ಲಿದೆ. ನಾನು ಒಂದು ಕಾಯಿ ಒಯ್ದಿದ್ದೆ!

ಬೆಣ್ಣೆದೋಸೆ · 17 ಜನವರಿ

ದುಡ್ಡಿನ ಬಗ್ಗೆ ಎರಡೇ ಮಾತು. ಎಲ್ಲರೂ ನೂರು ನೂರು ಯೂರೊ ಒಂದೇ ಪರ್ಸಿಗೆ ಹಾಕಿ, ಊಟ, ಬಸ್ಸು, ನೀರು ಅದರಿಂದಲೇ. ಮುಗಿದರೆ ಮತ್ತೆ ಹಾಕಿ. ಅಕ್ಕತಂಗಿಯರಲ್ಲೂ ಲೆಕ್ಕ ಸರಿ ಇದ್ದರೆ ಮನಸ್ಸು ಸರಿ ಇರುತ್ತದೆ. ಕಾರ್ಡ್ ಯಂತ್ರ "ರೂಪಾಯಿಯಾ, ಯೂರೊನಾ" ಅಂತ ಕೇಳಿದರೆ ಯೂರೊ ಒತ್ತಿ, ಇಲ್ಲದಿದ್ದರೆ ದರ ಜಾಸ್ತಿ ಬೀಳುತ್ತದೆ.

ಗುಡ್ಡ ಹತ್ತಿದವಳು · 18 ಜನವರಿ

ಅಥೆನ್ಸ್‌ಗೆ ಕಳೆದ ವರ್ಷ ಹೋಗಿದ್ದೆ. ಆಕ್ರೊಪೊಲಿಸ್‌ಗೆ ಈಗ ಟಿಕೆಟ್ 30 ಯೂರೊ, ಹೊತ್ತು ಹಾಕಿ ಕೊಡುತ್ತಾರೆ. ಬೆಳಗ್ಗೆ ಎಂಟರದ್ದೇ ತೆಗೆಯಿರಿ. ಮೇಲಿನ ಅಮೃತಶಿಲೆ ಸೋಪಿನ ಹಾಗೆ ಜಾರುತ್ತದೆ, ಹಿಡಿತ ಇರುವ ಷೂ ಬೇಕು. ನಡೆಯಲಾಗದವರಿಗೆ ಗುಡ್ಡದ ಬದಿಯಲ್ಲಿ ಲಿಫ್ಟ್ ಇದೆ, ಮುಂಚೆ ಫೋನ್ ಮಾಡಿ ಕೇಳಬೇಕು.

ಅಮ್ಮನಿಗೆ ಹತ್ತುವುದು ಬೇಡ ಅನಿಸಿದರೆ ಕೆಳಗಿನ ಆಕ್ರೊಪೊಲಿಸ್ ಮ್ಯೂಸಿಯಂನಲ್ಲಿ ಕೂರಿಸಿ. 2009ರಲ್ಲಿ ತೆರೆದದ್ದು. ನೆಲ ಗಾಜಿನದು, ಕಾಲ ಕೆಳಗೆ ಹಳೆಯ ಊರು ಕಾಣುತ್ತದೆ. ಮೇಲಿನ ಅಂತಸ್ತಿನ ಗಾಜಿನ ಗೋಡೆಯಿಂದ ಗುಡ್ಡದ ಮೇಲಿನ ಪಾರ್ಥೆನಾನ್ ದೇಗುಲ ಎದುರಿಗೇ ಕಾಣುತ್ತದೆ. ನನ್ನ ಅಮ್ಮ ಅಲ್ಲಿ ಎರಡು ಗಂಟೆ ಕೂತಿದ್ದರು, ಎದ್ದು ಬರಲು ಮನಸ್ಸೇ ಇರಲಿಲ್ಲ. ಅದರ ಮುಂದಿನ ರಸ್ತೆಯಲ್ಲಿ ಗಾಡಿ ಇಲ್ಲ, ಸಂಜೆ ಓಡಾಡಲು ಚೆನ್ನ.

ದಿನಾಂಕ ನೋಡಿದೆ. ಗ್ರೀಕರ ಪೆಂಟೆಕೋಸ್ಟ್ ಈ ವರ್ಷ ಮೇ 31, ಜರ್ಮನಿಯದಕ್ಕಿಂತ ಒಂದು ವಾರ ತಡ. ಜೂನ್ 1ರ ಸೋಮವಾರ ಅಲ್ಲಿ ರಜೆ. ಆ ಸಂಜೆ ಅಥೆನ್ಸ್‌ಗೆ ವಾಪಸಾಗುವ ಕಾರುಗಳಿಂದ ಹೆದ್ದಾರಿ ಕಟ್ಟಿಹೋಗುತ್ತದೆ. ನೀವು ಪಾತ್ರಾಸ್ ಮುಟ್ಟುವುದು ಮಂಗಳವಾರ ಆದರೆ ಒಳ್ಳೆಯದು.

ತುಂಗಾತೀರ · 25 ಜನವರಿ

ಎಲ್ಲರ ಮಾತೂ ಸೇರಿ ಹೀಗಾಗಿದೆ.

ಮೇ 26 ಮಂಗಳವಾರ ರೋಮ್, ನಾಲ್ಕು ರಾತ್ರಿ. ತಂಗಿ ಸ್ಟುಟ್‌ಗಾರ್ಟ್‌ನಿಂದ ಅದೇ ದಿನ ಬಂದು ಸೇರುತ್ತಾಳೆ. ಬುಧವಾರ ಓಸ್ತಿಯಾ, ಗುರುವಾರ ಬೆಳಗ್ಗೆ ಏಳಕ್ಕೆ ಸಂತ ಪೀಟರ್, ಶುಕ್ರವಾರ ಕೊಲೊಸಿಯಂ. ಮಧ್ಯಾಹ್ನ ಮೂರೂ ದಿನ ಮನೆ. ಮೇ 30 ಶನಿವಾರ ಬಾರಿ ಮೇಲೆ ಮತೇರಾ, ಎರಡು ರಾತ್ರಿ, ಮೇಲಿನ ಪೇಟೆಯಲ್ಲಿ. ಭಾನುವಾರ ಮಧ್ಯಾಹ್ನ ಬೆಂಗಳೂರಿನ ತಂಗಿಯ ಆಸೆ, ಅಂದರೆ ಏನೂ ಇಲ್ಲ. ಜೂನ್ 1 ಸೋಮವಾರ ಸಂಜೆ ಹಡಗು. ಮಂಗಳವಾರ ಪಾತ್ರಾಸ್, ವ್ಯಾನ್, ಕೊರಿಂತ್ ಕಾಲುವೆ, ಅಥೆನ್ಸ್ ಎರಡು ರಾತ್ರಿ. ಜೂನ್ 4ರ ಸಂಜೆ ಹೊರಟು 5ಕ್ಕೆ ಊರು. ರೋಮ್‌ಗೆ ಇಳಿದು ಅಥೆನ್ಸ್‌ನಿಂದ ಹತ್ತುವ ಹಾಗೆ ಒಂದೇ ಟಿಕೆಟ್‌ನಲ್ಲಿ ಸಿಕ್ಕಿತು, ಕೊಲ್ಲಿಯಲ್ಲಿ ವಿಮಾನ ಬದಲಿಸಬೇಕು.

ಅಮ್ಮನ ಪಾಸ್‌ಪೋರ್ಟ್ ತೆಗೆದು ನೋಡಿದರೆ ಆಗಸ್ಟ್‌ಗೆ ಮುಗಿಯುತ್ತಿತ್ತು! ಕಡತದ ಮೇಡಂ, ನೀವು ಹೇಳದಿದ್ದರೆ ಅಪಾಯಿಂಟ್‌ಮೆಂಟ್ ದಿನವೇ ಗೊತ್ತಾಗುತ್ತಿತ್ತು. ನವೀಕರಣಕ್ಕೆ ಕೊಟ್ಟಿದ್ದೇವೆ. ಅಮ್ಮ ದಿನಾ ಬೆಳಗ್ಗೆ ಗಾಂಧಿ ಪಾರ್ಕ್‌ನಲ್ಲಿ ಎರಡು ಸುತ್ತು ಹಾಕುತ್ತಿದ್ದಾರೆ, ಹೊಸ ಷೂ ಹಾಕಿಕೊಂಡು.

ಅವರದು ಒಂದೇ ಪ್ರಶ್ನೆ ಬಾಕಿ. ಗೋಡೆ ಕ್ಯಾಲೆಂಡರ್ ನೋಡಿ ಹೇಳಿದರು, ಮೇ 31 ಹುಣ್ಣಿಮೆ, ಹಡಗಿನ ದಿನ ಅದರ ಮರುದಿನ. "ಆ ಕಿಟಕಿ ತೆಗೆಯಲು ಬರುತ್ತದಾ, ಚಂದ್ರ ಕಾಣುತ್ತಾನಾ?" ಹಳೇ ನಕ್ಷೆ ಸರ್, ನೀವೇ ಹೇಳಬೇಕು.

ಹಳೇ ನಕ್ಷೆ · 25 ಜನವರಿ

ಕಿಟಕಿ ತೆಗೆಯಲು ಬರುವುದಿಲ್ಲ ತಾಯಿ. ಆದರೆ ಹಡಗಿನಲ್ಲಿ ಲಿಫ್ಟ್ ಇದೆ, ಮೇಲಿನ ಡೆಕ್‌ಗೆ ಕರೆದುಕೊಂಡು ಹೋಗಿ. ಬೆಂಚು ಇರುತ್ತವೆ. ಗಾಳಿ ಜೋರು, ಒಂದು ಶಾಲು, ಕಿವಿಗೆ ಸ್ಕಾರ್ಫ್ ಇರಲಿ. ಹಡಗು ಬಿಡುವಾಗ ಇನ್ನೂ ಬೆಳಕಿರುತ್ತದೆ, ಬಾರಿಯ ದಡ ಹಿಂದೆ ಸರಿಯುವುದು ಕಾಣುತ್ತದೆ. ಕತ್ತಲಾಗಿ ಸ್ವಲ್ಪ ಹೊತ್ತಿಗೆ ಚಂದ್ರ ಆಗ್ನೇಯದಲ್ಲಿ ಏಳುತ್ತಾನೆ. ಹಡಗು ಹೋಗುವುದೂ ಅದೇ ಕಡೆ. ಅಮ್ಮನನ್ನು ಮುಂಭಾಗಕ್ಕೆ ಹತ್ತಿರದ ಬೆಂಚಿನಲ್ಲಿ ಕೂರಿಸಿ.